ಫೋನ್ ಬದಲಾಯಿತು, ಅಡಿಕೆ ಧಾರಣೆ ಎಲ್ಲಿ ಹೋಯಿತು?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಹೊಸ ಐಫೋನ್ ಕೊಂಡಾಗ ಹಳೆಯದು ಊರಿಗೆ ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಎಷ್ಟೋ ಮನೆಗಳಿಗೆ ಐಫೋನ್ ಬಂದದ್ದು ಹೀಗೆಯೇ. ಹಬ್ಬಕ್ಕೆ ಬಂದ ಮಗ ಅಪ್ಪನ ಆಂಡ್ರಾಯ್ಡ್ ಫೋನಿನ ಸಿಮ್ ತೆಗೆದು ಐಫೋನಿಗೆ ಹಾಕುತ್ತಾನೆ, ವಾಟ್ಸ್‌ಆ್ಯಪ್ ಇಳಿಸಿಕೊಡುತ್ತಾನೆ, ರಾತ್ರಿ ರೈಲಿಗೆ ಹೊರಟುಬಿಡುತ್ತಾನೆ. ಮಾರನೆಯ ಬೆಳಗ್ಗೆ ಅಪ್ಪ ಫೋನ್ ತೆರೆದರೆ ಗ್ರೂಪುಗಳ ಹೆಸರು ಕಾಣುತ್ತವೆ, ಒಳಗೆ ಒಂದು ಸಾಲೂ ಇಲ್ಲ. ಶಿವಮೊಗ್ಗದ ರಾಶಿ, ಬೆಟ್ಟೆ ಧಾರಣೆ, ತಿಪಟೂರಿನ ಕೊಬ್ಬರಿ ಧಾರಣೆ, ಬೋರ್‌ವೆಲ್‌ನವರು ಕಳಿಸಿದ ಲೆಕ್ಕ, ಜಮೀನಿನ ಸ್ಕೆಚ್ಚಿನ ಫೋಟೊ, ತೀರಿಹೋದ ಅಣ್ಣನ ದನಿಯಿದ್ದ ವಾಯ್ಸ್ ಮೆಸೇಜು, ಯಾವುದೂ ಇಲ್ಲ.

ಕಂಪನಿಯವರು ಎಲ್ಲವನ್ನೂ ಎಲ್ಲೋ ಇಟ್ಟಿರುತ್ತಾರೆ, ನಂಬರ್ ಹಾಕಿದರೆ ಬಂದುಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಟ್ಸ್‌ಆ್ಯಪ್ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಒಂದು ಗ್ರೂಪಿಗೆ ಬಂದ ಸಂದೇಶವನ್ನು ಯಾರಿಗೆಲ್ಲ ಹಂಚಬೇಕು ಎಂಬುದು ಸರ್ವರಿಗೆ ಗೊತ್ತಿರಬೇಕು. ಹಾಗಾಗಿ ಗ್ರೂಪಿನ ಸದಸ್ಯರ ಪಟ್ಟಿ ಅಲ್ಲಿರುತ್ತದೆ, ಹೊಸ ಫೋನಿನಲ್ಲಿ ಹೆಸರುಗಳು ತಾವಾಗಿಯೇ ಮೂಡುತ್ತವೆ. ಸಂದೇಶದ ಕಥೆ ಬೇರೆ. ನಿಮ್ಮ ಫೋನಿಗೆ ತಲುಪಿದ ಕೂಡಲೇ ಸರ್ವರು ಅದನ್ನು ಅಳಿಸುತ್ತದೆ. ತಲುಪದೇ ಉಳಿದದ್ದನ್ನೂ 30 ದಿನಕ್ಕಿಂತ ಹೆಚ್ಚು ಇಡುವುದಿಲ್ಲ. 2016ರಿಂದ ಪ್ರತಿ ಸಂದೇಶವೂ ಬೀಗ ಹಾಕಿಕೊಂಡೇ ಹೊರಡುತ್ತದೆ, ಬೀಗ ತೆಗೆಯುವ ಕೀಲಿ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಇರುತ್ತದೆ. ಅಂದರೆ ಅಷ್ಟೂ ವರ್ಷದ ಆ ಮಾತುಕತೆ ಇದ್ದದ್ದು ಒಂದೇ ಜಾಗದಲ್ಲಿ: ಅಪ್ಪನ ಹಳೆಯ ಫೋನಿನ ಹೊಟ್ಟೆಯೊಳಗೆ.

ಅಲ್ಲಿ ಅದು ಯಾವ ರೂಪದಲ್ಲಿರುತ್ತದೆ? ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕೋಶದಲ್ಲಿ. ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಜ್ಞ 2000ದಲ್ಲಿ ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ತಂತ್ರಾಂಶ ಅದು. ಆಂಡ್ರಾಯ್ಡಿನ ವಾಟ್ಸ್‌ಆ್ಯಪ್ ಬಳಸುವುದೂ ಅದನ್ನೇ, ಐಫೋನಿನದು ಬಳಸುವುದೂ ಅದನ್ನೇ. ಆದರೆ ಒಳಗಿನ ಕೋಷ್ಟಕಗಳನ್ನು ಹಾಕಿಕೊಂಡ ಬಗೆ ಎರಡರಲ್ಲೂ ಬೇರೆ ಬೇರೆ. ಬ್ಯಾಕಪ್ ಮಾಡಿಟ್ಟಿದ್ದರೆ ಅದು ಹೋಗುವ ಜಾಗವೂ ಬೇರೆ. ಆಂಡ್ರಾಯ್ಡಿನದು ಗೂಗಲ್ ಡ್ರೈವಿಗೆ ಹೋಗುತ್ತದೆ, ಐಫೋನಿನದು ಐಕ್ಲೌಡಿಗೆ. ಗೂಗಲ್ ಡ್ರೈವಿನಲ್ಲಿ ಜೋಪಾನವಾಗಿರುವ ಬ್ಯಾಕಪ್ಪನ್ನು ಐಫೋನಿನ ವಾಟ್ಸ್‌ಆ್ಯಪ್ ತೆರೆಯುವುದೇ ಇಲ್ಲ.

ಎರಡನ್ನೂ ಬರೆದದ್ದು ಒಂದೇ ಕಂಪನಿ. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಐಫೋನಿನಿಂದ ಆಂಡ್ರಾಯ್ಡಿಗೆ ಹಾದಿ ತೆರೆದದ್ದು 2021ರಲ್ಲಿ, ಅದೂ ಮೊದಲು ಸ್ಯಾಮ್‌ಸಂಗ್ ಫೋನುಗಳಿಗೆ ಮಾತ್ರ. ಆಂಡ್ರಾಯ್ಡಿನಿಂದ ಐಫೋನಿಗೆ ಹಾದಿ ಸಿಕ್ಕಿದ್ದು 2022ರಲ್ಲಿ. ಇಷ್ಟು ವರ್ಷ ತಡವಾದದ್ದಕ್ಕೆ ವಿಜ್ಞಾನದ ಅಡ್ಡಿ ಏನೂ ಇರಲಿಲ್ಲ. ಒಂದು ಕೋಷ್ಟಕದ ಸಾಲನ್ನು ಇನ್ನೊಂದರ ಸಾಲಿಗೆ ಹೊಂದಿಸುವ ಕೆಲಸ ಅದು. ಮಾಡಬೇಕೆಂದು ಯಾರಿಗೂ ಅವಸರವಿರಲಿಲ್ಲ, ಅಷ್ಟೆ.

ಈಗಿನ ಹಾದಿಗೂ ಒಂದು ಕಟ್ಟಳೆ ಇದೆ. ಆ್ಯಪಲ್ 2015ರಲ್ಲಿ ಹೊರತಂದ 'ಮೂವ್ ಟು ಐಒಎಸ್' ಎಂಬ ಆ್ಯಪನ್ನು ಹಳೆಯ ಆಂಡ್ರಾಯ್ಡಿನಲ್ಲಿ ಹಾಕಿಕೊಳ್ಳಬೇಕು. ಐಫೋನ್ ತಾನೇ ಒಂದು ತಾತ್ಕಾಲಿಕ ವೈಫೈ ಜಾಲ ಎಬ್ಬಿಸುತ್ತದೆ, ಎರಡೂ ಫೋನುಗಳು ಇಂಟರ್ನೆಟ್ಟಿಗೆ ಹೋಗದೆ ನೇರವಾಗಿ ಮಾತಾಡಿಕೊಳ್ಳುತ್ತವೆ. ಆದರೆ ವಾಟ್ಸ್‌ಆ್ಯಪ್ ಹೀಗೆ ದಾಟಬೇಕಾದರೆ ಐಫೋನ್ ಹೊಸದಾಗಿರಬೇಕು, ಇಲ್ಲವೇ ಪೂರ್ತಿ ರೀಸೆಟ್ ಆಗಿರಬೇಕು. ಮಗ ಮೊದಲೇ ಎಲ್ಲ ಸಿದ್ಧಮಾಡಿ ಕೊಟ್ಟಿದ್ದರೆ ಆ ಬಾಗಿಲು ಮುಚ್ಚಿರುತ್ತದೆ. ಹಾಗಾದವರಿಗೂ ದಾರಿ ಉಂಟು: ಹಳೆಯ ಫೋನನ್ನು ಅಳಿಸಬೇಡಿ, ಅದರಲ್ಲಿನ ವಾಟ್ಸ್‌ಆ್ಯಪ್ ತೆಗೆಯಬೇಡಿ. ಲಾಗ್‌ಔಟ್ ಆಗಿದ್ದರೂ ದತ್ತಾಂಶ ಅಲ್ಲೇ ಇರುತ್ತದೆ. ಐಫೋನನ್ನು ರೀಸೆಟ್ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಬಹುದು. ಅಣ್ಣನ ದನಿ ಮರಳಿ ಸಿಗುವುದಾದರೆ ಅರ್ಧ ದಿನದ ಈ ತಾಪತ್ರಯ ದೊಡ್ಡದಲ್ಲ.

ಮೆಸೇಜುಗಳಿಗೆ ದಾರಿ ಸಿಕ್ಕರೂ ಆ್ಯಪುಗಳಿಗೆ ಮಾತ್ರ ಸಿಗುವುದಿಲ್ಲ. ಅವನ್ನು ಹೊಸದಾಗಿ ಇಳಿಸಿಕೊಳ್ಳಲೇಬೇಕು. ಇದು ಮೇಲ್ನೋಟಕ್ಕೆ ವಿಚಿತ್ರ, ಯಾಕೆಂದರೆ ಎರಡೂ ಬಗೆಯ ಫೋನುಗಳ ಪ್ರೊಸೆಸರ್ ಆರ್ಮ್ ಎಂಬ ಒಂದೇ ಆಜ್ಞಾಭಾಷೆಯನ್ನು ಆಡುತ್ತದೆ. ಕೂಡು, ಕಳೆ, ಹೋಲಿಸು ಎಂಬ ಮೂಲ ಆಜ್ಞೆಗಳು ಎರಡಕ್ಕೂ ಅವೇ. ಆದರೆ ಆ್ಯಪು ಪ್ರೊಸೆಸರಿನ ಜೊತೆ ಮಾತ್ರ ಮಾತಾಡುವುದಿಲ್ಲ. ಕ್ಯಾಮೆರಾ ತೆರೆಯಲು, ಪರದೆಯ ಮೇಲೆ ಅಕ್ಷರ ಬರೆಯಲು, ಜಿಪಿಎಸ್ ಕೇಳಲು ಕಾರ್ಯಾಚರಣೆ ವ್ಯವಸ್ಥೆಯ ಮೊರೆ ಹೋಗುತ್ತದೆ. ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಆಂಡ್ರಾಯ್ಡ್ ಒಂದು ಬಗೆಯ ಕರೆಗೆ ಓಗೊಡುತ್ತದೆ, ಐಫೋನಿನ ವ್ಯವಸ್ಥೆ ಇನ್ನೊಂದು ಬಗೆಯದಕ್ಕೆ. ಬೀರೂರು, ತರೀಕೆರೆ ಕಡೆಯ ಹಿರಿಯರಿಗೆ ಮೀಟರ್ ಗೇಜ್ ರೈಲಿನ ಕಾಲ ನೆನಪಿದೆ. 1000 ಮಿಲಿಮೀಟರ್ ಅಗಲದ ಹಳಿ ಮುಗಿದು 1676 ಮಿಲಿಮೀಟರಿನದು ಶುರುವಾಗುವ ನಿಲ್ದಾಣದಲ್ಲಿ ಡಬ್ಬಿ ಎಷ್ಟೇ ಗಟ್ಟಿಯಾಗಿದ್ದರೂ ಮುಂದೆ ಹೋಗದು, ಜನ ಇಳಿದು ಮೂಟೆ ಹೊತ್ತು ಬೇರೆ ಗಾಡಿ ಹತ್ತಬೇಕು. ಆ್ಯಪು ಆ ಡಬ್ಬಿ, ನಿಮ್ಮ ದತ್ತಾಂಶ ಆ ಮೂಟೆ. ರೈತರು ಬಳಸುವ ಸರ್ಕಾರಿ ಆ್ಯಪು ಐಫೋನಿಗೂ ಇದೆಯೇ ಎಂದು ಫೋನ್ ಬದಲಿಸುವ ಮೊದಲೇ ಹುಡುಕಿ ನೋಡಿಕೊಳ್ಳುವುದು ಒಳ್ಳೆಯದು. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನುಗಳು ಆಂಡ್ರಾಯ್ಡ್ ಆಗಿರುವುದರಿಂದ ಆ್ಯಪು ಬರೆಯುವವರು ಮೊದಲು ಅತ್ತಲೇ ಹೋಗುತ್ತಾರೆ.

ಹಣದ ಆ್ಯಪುಗಳು ಬೇಕೆಂದೇ ದಾಟುವುದಿಲ್ಲ. 2016ರಲ್ಲಿ ಶುರುವಾದ ಯುಪಿಐ ವ್ಯವಸ್ಥೆಯಲ್ಲಿ ನಿಮ್ಮ ಖಾತೆಯನ್ನು ಒಂದು ಸಿಮ್ಮಿಗೂ ಒಂದು ಫೋನಿಗೂ ಗಂಟು ಹಾಕುತ್ತಾರೆ. ಗಂಟು ಬೀಳುವುದು ನಿಮ್ಮ ಸಿಮ್ಮಿನಿಂದ ಹೊರಡುವ ಒಂದು ಎಸ್ಸೆಮ್ಮೆಸ್ಸಿನಿಂದ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನಿಂದಲೇ ಅದು ಬಂತೇ ಎಂದು ಅತ್ತಲಿನವರು ತಾಳೆ ನೋಡುತ್ತಾರೆ. ಆಂಡ್ರಾಯ್ಡಿನಲ್ಲಿ ಅನುಮತಿ ಕೊಟ್ಟರೆ ಆ್ಯಪು ತಾನೇ ಅದನ್ನು ಕಳಿಸುತ್ತದೆ. ಐಫೋನಿನಲ್ಲಿ ಆ್ಯಪು ತಾನಾಗಿ ಎಸ್ಸೆಮ್ಮೆಸ್ ಕಳಿಸುವಂತಿಲ್ಲ, ಮೆಸೇಜಿನ ಪರದೆ ತೆರೆದುಕೊಂಡಾಗ ನೀವೇ ಕಳಿಸುವ ಗುಂಡಿ ಒತ್ತಬೇಕು. ಅರ್ಥವಾಗದ ಅಕ್ಷರಗಳಿರುವ ಆ ಸಂದೇಶ ನೋಡಿ ಹೆದರಿ ಹಿಂದೆ ಸರಿಯುವವರೇ ಹೆಚ್ಚು. ಹೆದರಬೇಕಿಲ್ಲ, ಆ್ಯಪನ್ನು ನೀವೇ ಆ್ಯಪ್ ಸ್ಟೋರಿನಿಂದ ಇಳಿಸಿಕೊಂಡಿದ್ದು ನೀವೇ ನೋಂದಣಿ ಶುರು ಮಾಡಿದ್ದರೆ ಸಾಕು. ಯಾರೋ ಫೋನ್ ಮಾಡಿ ಇಂಥ ಸಂದೇಶ ಕಳಿಸಿ ಎಂದರೆ ಮಾತ್ರ ಖಂಡಿತ ಕಳಿಸಬೇಡಿ. ಇನ್ನೊಂದು ಮಾತು: ಒಳಬರುವ ಕರೆಗೆಂದು ಕಡಿಮೆ ದುಡ್ಡಿನ ರೀಚಾರ್ಜ್ ಹಾಕಿಸಿದ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೊರಡದೇ ಇರಬಹುದು. ಯುಪಿಐ ಆಗ್ತಿಲ್ಲ ಎಂದು ಫೋನನ್ನು ಬಯ್ಯುವ ಮೊದಲು ಅದನ್ನು ನೋಡಿ.

ಇಷ್ಟೆಲ್ಲ ಅಡ್ಡಿಗಳ ನಡುವೆ ಒಂದು ವಸ್ತು ಮಾತ್ರ ಯಾವ ತಕರಾರೂ ಇಲ್ಲದೆ ದಾಟಿಬಿಡುತ್ತದೆ, ಅದು ಕನ್ನಡ. ನನ್ನ ಮಟ್ಟಿಗೆ ಇದು ಈ ಇಡೀ ವಿಷಯದ ದೊಡ್ಡ ಸಂಗತಿ. ಅಮ್ಮ ಕನ್ನಡದಲ್ಲಿ ಉಳಿಸಿಕೊಂಡ ಹೆಸರುಗಳು ಐಫೋನಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುತ್ತವೆ. ಇಪ್ಪತ್ತೈದು ವರ್ಷದ ಹಿಂದೆ ಹೀಗಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಆ ತಂತ್ರಾಂಶಗಳು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆಯೇ ಕನ್ನಡದ ಚಿತ್ರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ಹೋದರೆ ಕನ್ನಡ ಕಳಚಿಬಿದ್ದು ಇಂಗ್ಲಿಷಿನ ಕಲಸುಮೇಲೋಗರ ಉಳಿಯುತ್ತಿತ್ತು. ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿದ್ದುಕೊಂಡು ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ದುಡಿದವರು ಪೂರ್ಣಚಂದ್ರ ತೇಜಸ್ವಿ. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಮೊದಲ ಐಫೋನ್ ಇನ್ನೂ ಅಂಗಡಿಗೆ ಬಂದಿರಲಿಲ್ಲ.

ಬಿಕ್ಕಟ್ಟನ್ನು ಬಿಡಿಸಿದ್ದು ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಜಗತ್ತಿನಲ್ಲಿ ಬೇರೆ ಯಾವುದಕ್ಕೂ ಇಲ್ಲದ ಸಂಖ್ಯೆ ಉಂಟು. 'ಕ' ಎಂದರೆ 3221. 'ಕಡೂರು' ಎಂದರೆ 3221, 3233, 3266, 3248, 3265, ಅಂದರೆ ಕ, ಡ, ದೀರ್ಘ ಊಕಾರದ ಚಿಹ್ನೆ, ರ, ಹ್ರಸ್ವ ಉಕಾರದ ಚಿಹ್ನೆ. ಫೋನಿನಿಂದ ಫೋನಿಗೆ ದಾಟುವುದು ಈ ಐದು ಸಂಖ್ಯೆಗಳು ಮಾತ್ರ, ಅಕ್ಷರದ ಚಿತ್ರವಲ್ಲ. ಚಿತ್ರ ಬಿಡಿಸುವುದು ಆಯಾ ಫೋನಿನ ಕೆಲಸ. 'ಅಜ್ಜಂಪುರ'ದಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ, ಒಳಗಿರುವುದು ಎಂಟು ಸಂಖ್ಯೆ. ಜ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಜ, ಈ ಮೂರು ಸಾಲಾಗಿ ಬಂದಾಗ ಎರಡನೆಯದನ್ನು ಒತ್ತಾಗಿ ಕೆಳಗೆ ಇಳಿಸಬೇಕು ಎಂಬ ಜಾಣತನ ಫೋನಿಗೆ ಇರಬೇಕು. ಆಂಡ್ರಾಯ್ಡಿಗೆ ಅದು ಬಂದದ್ದು 2012ರ 4.1 ಆವೃತ್ತಿಯಲ್ಲಿ. ಐಫೋನಿಗೆ ಸ್ವಂತದ ಕನ್ನಡ ಕೀಲಿಮಣೆ ಸಿಕ್ಕಿದ್ದು 2017ರಲ್ಲಿ, ಸೆಟ್ಟಿಂಗ್ಸಿನ ಮಾತುಗಳೂ ಸೇರಿ ಇಡೀ ಫೋನನ್ನೇ ಕನ್ನಡದಲ್ಲಿ ನೋಡುವ ಅವಕಾಶ ಸಿಕ್ಕಿದ್ದು 2025ರಲ್ಲಿ. ಅಮ್ಮನ ಕೈಗೆ ಐಫೋನ್ ಕೊಡುವವರು ಮೊದಲು ಮಾಡಬೇಕಾದ ಕೆಲಸ ಆ ಭಾಷೆಯ ಬದಲಾವಣೆ.

ಕನ್ನಡದ ಹೆಸರುಗಳು ತುಂಡಾಗುವ ಒಂದು ಜಾಗ ಈಗಲೂ ಇದೆ, ಅದು ಸಿಮ್ ಕಾರ್ಡ್. ನಂಬರುಗಳನ್ನು ಸಿಮ್ಮಿಗೆ ತುಂಬಿಕೊಂಡು ದಾಟಿಸುವ ಹಳೆಯ ಅಭ್ಯಾಸ ಎಷ್ಟೋ ಜನರಿಗಿದೆ. ಸಿಮ್ಮಿನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ ಸಿಗುವುದು 14 ಬೈಟಿನಷ್ಟು ಜಾಗ. ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ ಕೂರುತ್ತವೆ. ಕನ್ನಡಕ್ಕೆ ಮೊದಲ ಬೈಟು ಗುರುತಿಗೆ ಹೋಗಿ, ಉಳಿದದ್ದರಲ್ಲಿ ಒಂದೊಂದು ಚಿಹ್ನೆಗೆ ಎರಡೆರಡು ಬೈಟು ಹಿಡಿಯುವ ಫೋನಿನಲ್ಲಿ ಆರು ಚಿಹ್ನೆಗೆ ಜಾಗ ಮುಗಿಯುತ್ತದೆ. 'ಕಡೂರು' ಐದು, ಅದು ಪಾರಾಗುತ್ತದೆ. 'ತರೀಕೆರೆ' ಏಳು, ಕೊನೆಯ ಎತ್ವ ಉದುರಿ 'ತರೀಕೆರ' ಆಗುತ್ತದೆ. 'ಅಜ್ಜಂಪುರ' 'ಅಜ್ಜಂಪ'ಕ್ಕೆ ನಿಲ್ಲುತ್ತದೆ. ಹಾಗಾಗಿ ಹೆಸರುಗಳನ್ನು ಸಿಮ್ಮಿನಲ್ಲಿಡದೆ ನಿಮ್ಮ ಗೂಗಲ್ ಖಾತೆಯಲ್ಲಿಡಿ. ಅದೇ ಖಾತೆಯನ್ನು ಐಫೋನಿನ ಸೆಟ್ಟಿಂಗ್ಸಿನಲ್ಲಿ ಸೇರಿಸಿದರೆ ಅಷ್ಟೂ ಹೆಸರು ಇಳಿದುಬರುತ್ತವೆ. ಇಲ್ಲವೇ ವಿಕಾರ್ಡ್ ಎಂಬ ಕಡತವಾಗಿ ಹೊರತೆಗೆಯಿರಿ. ತೊಂಬತ್ತರ ದಶಕದಲ್ಲಿ ರೂಪುಗೊಂಡ ಈ ಮಾದರಿ ಯಾವ ಕಂಪನಿಯ ಸ್ವತ್ತೂ ಅಲ್ಲದ್ದರಿಂದ ಎಲ್ಲ ಫೋನುಗಳೂ ಅದನ್ನು ಓದುತ್ತವೆ.

ಫೋಟೊಗಳೂ ಸುಲಭವಾಗಿಯೇ ದಾಟುತ್ತವೆ, 1992ರ ಜೆಪೆಗ್ ಮಾದರಿಯನ್ನು ಓದದ ಫೋನ್ ಇಲ್ಲ. ಆದರೆ ವಾಟ್ಸ್‌ಆ್ಯಪಿನಲ್ಲಿ ತಮಗೆ ತಾವೇ ಕಳಿಸಿಕೊಂಡು ಫೋಟೊ ದಾಟಿಸುವವರಿದ್ದಾರೆ. ಹಾಗೆ ಮಾಡಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕ, ಸಮಯ, ಸ್ಥಳದ ಗುರುತು ಅಳಿಸಿಹೋಗುತ್ತದೆ. ಬೆಳೆಹಾನಿಯ ಫೋಟೊಗೆ ಆ ಗುರುತೇ ಜೀವ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಇಲ್ಲವೇ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಉಚಿತವಾಗಿ ಗೂಗಲ್ 15 ಜಿಬಿ ಜಾಗ ಕೊಟ್ಟರೆ ಐಕ್ಲೌಡ್ ಕೊಡುವುದು 5 ಜಿಬಿ ಎಂಬುದೂ ಲೆಕ್ಕದಲ್ಲಿರಲಿ. ಮಕ್ಕಳಿಗೂ ಒಂದು ಮಾತು: ಹಳೆಯ ಐಫೋನ್ ಕೊಡುವ ಮೊದಲು ನಿಮ್ಮ ಆ್ಯಪಲ್ ಖಾತೆಯಿಂದ ಹೊರಬನ್ನಿ. ಇಲ್ಲದಿದ್ದರೆ ಅಪ್ಪನ ನಂಬರುಗಳೂ ನಿಮ್ಮ ಕಚೇರಿಯ ನಂಬರುಗಳೂ ಒಂದರೊಳಗೊಂದು ಬೆರೆತು ಇಬ್ಬರಿಗೂ ಗೋಳು.

2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸುವ ಹಕ್ಕು ನಮಗಿದೆ. ಕಂಪನಿಗಳು ತಾವಾಗಿ ಕೊಟ್ಟದ್ದಲ್ಲ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಮಾಡಿತು, ಕಂಪನಿಗಳು ಪಾಲಿಸಬೇಕಾಯಿತು. ನಂಬರಿಗಿರುವ ಈ ಹಕ್ಕು ನಮ್ಮ ಮಾತುಕತೆಗೆ, ಫೋಟೊಗೆ, ದನಿಗೆ ಇನ್ನೂ ಇಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು, ನಿಮ್ಮ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಅದೇ ಹಕ್ಕು ಇತ್ತು. 2023ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ಅದನ್ನು ಮರಳಿ ಸೇರಿಸಿ ಎಂದು ಕೇಳಲು ತಂತ್ರಜ್ಞರೇ ಆಗಬೇಕಿಲ್ಲ. ಕಡೂರಿನವರು ಹಾಸನದ ಸಂಸದರಿಗೆ, ತರೀಕೆರೆ ಕ್ಷೇತ್ರದವರು ಉಡುಪಿ-ಚಿಕ್ಕಮಗಳೂರಿನ ಸಂಸದರಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲಿಯೇ ಬರೆಯಿರಿ.