ಮೀನುದೋಣಿಯಲ್ಲಿ ಫಿರಂಗಿ

ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ಮೀನುಗಾರರ ಊರು. ಮೊದಲ ಮಹಾಯುದ್ಧದ ಹೊತ್ತಿಗೂ ಅಲ್ಲಿನ ಎಷ್ಟೋ ಟ್ರಾಲ್ ದೋಣಿಗಳು ಹಾಯಿಯ ಮೇಲೆಯೇ ಓಡುತ್ತಿದ್ದವು. ಜರ್ಮನ್ ಜಲಾಂತರ್ಗಾಮಿಗಳಿಗೆ ಇವುಗಳ ಮೇಲೆ ಟಾರ್ಪಿಡೊ ಬಿಡುವುದು ದಂಡ. ಪಕ್ಕದಲ್ಲಿ ಮೇಲೆದ್ದು, ಮೀನುಗಾರರನ್ನು ಚಿಕ್ಕ ದೋಣಿಗೆ ಇಳಿಸಿ, ಖಾಲಿಯಾದದ್ದರೊಳಗೆ ಬಾಂಬ್ ಇಟ್ಟರೆ ಕೆಲಸ ಮುಗಿಯಿತು. ದುಡಿಮೆ ಮುಳುಗಿದರೂ ಸಾಮಾನ್ಯವಾಗಿ ಜೀವ ಉಳಿಯುತ್ತಿತ್ತು.

ಬ್ರಿಟಿಷ್ ನೌಕಾಪಡೆ ಇದಕ್ಕೊಂದು ಹಂಚಿಕೆ ಹೂಡಿತು. ಕೆಲವು ದೋಣಿಗಳಲ್ಲಿ ಸಣ್ಣ ಫಿರಂಗಿ ಬಚ್ಚಿಟ್ಟು, ಮೀನು ಹಿಡಿಯುತ್ತಲೇ ಹೊಂಚುವಂತೆ ಕಳಿಸಿತು. 1915ರ ಆಗಸ್ಟ್ 15ರಂದು ‘ಇನ್ವರ್‌ಲಯನ್’ ಎಂಬ ಹಾಯಿದೋಣಿ, ಹತ್ತಿರ ಬಂದ ಜರ್ಮನ್ ಜಲಾಂತರ್ಗಾಮಿ ಯುಬಿ-4ನ್ನು ಮುಳುಗಿಸಿಯೇಬಿಟ್ಟಿತು. ಜಾಣತನವೇ, ಸಂಶಯವಿಲ್ಲ. ಆದರೆ ಯಾವ ದೋಣಿಯಲ್ಲಿ ಫಿರಂಗಿ ಇದೆಯೋ ತಿಳಿಯದ ಶತ್ರು ಇನ್ನು ಹತ್ತಿರ ಬಂದು ಮಾತಾಡಿಸಿಯಾನೇ?

ಸರಿಯಾಗಿ ಎರಡು ವರ್ಷಕ್ಕೆ, 1917ರ ಆಗಸ್ಟ್ 15ರಂದು, ಜಲಾಂತರ್ಗಾಮಿ ಯುಸಿ-63 ದೂರದಿಂದಲೇ ಇಂಥದೇ ಒಂದು ದೋಣಿ ‘ನೆಲ್ಸನ್’ ಮೇಲೆ ಗುಂಡು ಹಾರಿಸಿತು. ತಂಡೇಲ ಥಾಮಸ್ ಕ್ರಿಸ್ಪ್. ಮಗ ಟಾಮ್ ಕೂಡ ಅದೇ ದೋಣಿಯಲ್ಲಿ. ಬಲೆ ಕಳಚಿಬಿಟ್ಟು ಇವರೂ ಹೊಡೆದರು, ಅಷ್ಟು ದೂರ ಮುಟ್ಟಲಿಲ್ಲ. ನಾಲ್ಕನೆಯ ಗುಂಡಿಗೆ ದೋಣಿಯ ಮುಂಭಾಗ ನೀರಿನ ಮಟ್ಟದ ಕೆಳಗೇ ತೂತಾಯಿತು. ಏಳನೆಯದು ಕ್ರಿಸ್ಪ್‌ನ ಹೊಟ್ಟೆ ಸೀಳಿ, ಹಲಗೆ ಒಡೆದು ಹೊರಬಿತ್ತು. ಆತನಿಗೆ ಪ್ರಜ್ಞೆ ತಪ್ಪಲಿಲ್ಲ. ಸುದ್ದಿ ಮುಟ್ಟಿಸಲು ಇದ್ದದ್ದು ಪಾರಿವಾಳ. ಎಲ್ಲಿದ್ದೇವೆಂದು ಬರೆದು ಹಾರಿಸಿದರು. ಗುಂಡುಗಳು ಮುಗಿಯುತ್ತ ಬಂದು ದೋಣಿ ಮುಳುಗತೊಡಗಿದಾಗ, ತನ್ನನ್ನು ಹೊರುವುದು ಬೇಡ, ಸಮುದ್ರಕ್ಕೆ ಎಸೆದುಬಿಡಿ ಎಂದ. ಯಾರಿಗೂ ಕೈ ಬರಲಿಲ್ಲ. ದೋಣಿಯೊಂದಿಗೇ ಹೋದ.

ಉಳಿದವರು 17ರಂದು ಸಿಕ್ಕಿದರು. ಪ್ರಧಾನಿ ಲಾಯ್ಡ್ ಜಾರ್ಜ್ ಪಾರ್ಲಿಮೆಂಟಿನಲ್ಲಿ ಕ್ರಿಸ್ಪ್‌ನನ್ನು ಕೊಂಡಾಡಿದರು. ಮರಣೋತ್ತರ ವಿಕ್ಟೋರಿಯಾ ಕ್ರಾಸನ್ನು ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಮಗ ಪಡೆದ. ಪಾರಿವಾಳಕ್ಕೂ ಹೆಸರು ಬಂತು.

ಅಂದು ಮುಳುಗಿದ್ದು ನೆಲ್ಸನ್ ಒಂದೇ ಅಲ್ಲ. ಜೊತೆಗಿದ್ದ ‘ಎಥೆಲ್ ಅಂಡ್ ಮಿಲ್ಲಿ’ಯವರೂ ಮೀನುಗಾರರೇ, ಅವರಲ್ಲೂ ಫಿರಂಗಿಯಿತ್ತು. ಅವರನ್ನು ಸೆರೆಹಿಡಿದು ಜಲಾಂತರ್ಗಾಮಿಯ ಮೇಲೆ ಸಾಲಾಗಿ ನಿಲ್ಲಿಸಿದ್ದನ್ನು ನೆಲ್ಸನ್‌ನವರು ಚಿಕ್ಕ ದೋಣಿಯಿಂದ ಕಂಡರು. ಜಲಾಂತರ್ಗಾಮಿಗೆ ಹಡಗು ಗುದ್ದಿಸಲು ಹೋದನೆಂದು ನಾಗರಿಕ ಕ್ಯಾಪ್ಟನ್ ಚಾರ್ಲ್ಸ್ ಫ್ರಯಾಟ್‌ನನ್ನು ಜರ್ಮನರು ಹಿಂದಿನ ವರ್ಷವಷ್ಟೇ ಗುಂಡಿಟ್ಟು ಕೊಂದಿದ್ದರು; ಮೀನುಗಾರರ ವೇಷದ ಫಿರಂಗಿಯವರಿಗೆ ಎಂಥ ಕರುಣೆ? ಆ ಸಾಲಿನಲ್ಲಿದ್ದ ಒಬ್ಬನೂ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವರನ್ನು ಏನು ಮಾಡಿದರೆಂದು ಹೇಳಬಲ್ಲವರಿದ್ದ ಯುಸಿ-63 ಕೂಡ 1917ರ ನವೆಂಬರ್ 1ರಂದು, ಬ್ರಿಟಿಷ್ ಜಲಾಂತರ್ಗಾಮಿ ಇ-52ರ ಟಾರ್ಪಿಡೊಗೆ ತುತ್ತಾಯಿತು. ಬದುಕಿ ಬಂದವನು ಒಬ್ಬನೇ.