ಚಿತ್ರ, ಗೀತ, ನಾಟಕ: ಅಂಕಕ್ಕೆ ಅಡ್ಡಿಯೇ?

ಪರೀಕ್ಷೆ ಸಮೀಪಿಸಿದೊಡನೆ ಮೊದಲು ಕತ್ತರಿ ಬೀಳುವುದು ಚಿತ್ರಕಲೆ, ಸಂಗೀತಗಳ ಅವಧಿಗೆ. ಆ ವೇಳೆಯೂ ಗಣಿತಕ್ಕೆ ದೊರೆತರೆ ಲಾಭವೆಂದು ಎಣಿಸುವ ಹೆತ್ತವರು ನಮ್ಮಲ್ಲಿ ಕಡಿಮೆಯೇನಲ್ಲ. ಈ ಎಣಿಕೆ ಎಷ್ಟು ಸರಿ?

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 42 ಶಾಲೆಗಳು, ಅವುಗಳಲ್ಲಿ ಬಹುಪಾಲು ಪ್ರಾಥಮಿಕ. 3ರಿಂದ 8ನೆಯ ತರಗತಿಯವರೆಗಿನ 10,000ಕ್ಕೂ ಮಿಕ್ಕಿದ ಮಕ್ಕಳು. ಚೀಟಿ ಎತ್ತಿದಂತೆ ಕೆಲವು ಶಾಲೆಗಳನ್ನು ಆರಿಸಿ, ಅಲ್ಲಿನ ಮಕ್ಕಳಿಗೆ ನಾಟಕ, ನೃತ್ಯ, ಸಂಗೀತ, ಚಿತ್ರಕಲೆಗಳ ಹೆಚ್ಚಿನ ಅವಕಾಶ ಕಲ್ಪಿಸಲಾಯಿತು. ಉಳಿದ ಶಾಲೆಗಳು ಎಂದಿನಂತೆ ನಡೆದವು. ಬ್ರಯಾನ್ ಕಿಸಿಡಾ ಮತ್ತು ಡೇನಿಯಲ್ ಬೋವೆನ್ ಎಂಬ ಸಂಶೋಧಕರು 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಕಲೆ ದೊರೆತ ಶಾಲೆಗಳಲ್ಲಿ ಶಿಸ್ತು ಮೀರಿದ ಮಕ್ಕಳ ಪ್ರಮಾಣ ಶೇಕಡಾ 3.6 ಅಂಶಗಳಷ್ಟು ತಗ್ಗಿತು. ಬರವಣಿಗೆಯ ಅಂಕಗಳು ಏರಿದವು. ಪರರ ನೋವಿಗೆ ಮರುಗುವ ಗುಣ ಬೆಳೆಯಿತು. ಗಣಿತ ಮತ್ತು ಓದಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಡು ಕಲಿತೊಡನೆ ಮಗ್ಗಿಯೂ ಬಂದೀತೆಂಬ ಭರವಸೆಯನ್ನು ಈ ಅಧ್ಯಯನ ಕೊಡುವುದಿಲ್ಲ. ಆದರೆ ಕಲೆಗಿತ್ತ ವೇಳೆ ಪಾಠವನ್ನು ಕೆಡಿಸಿತೆನ್ನಲೂ ಅದರಲ್ಲಿ ಆಧಾರವಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳಲ್ಲಂತೂ ಶಾಲೆಯ ಮೇಲಿನ ಆಸಕ್ತಿ, ಮುಂದೆ ಕಾಲೇಜು ಓದಬೇಕೆಂಬ ಹಂಬಲ ಹೆಚ್ಚಿದವು. ಇದು ಸಣ್ಣ ಮಾತೇ? ಕಲಿಯುವ ಮನಸ್ಸಿಲ್ಲದ ಮಗುವಿಗೆ ಎಷ್ಟು ಅವಧಿ ಪಾಠ ಹೇಳಿದರೇನು?

ಎಲ್ಲ ಲಾಭವೂ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಗಣಿತದ ಅಂಕಗಳನ್ನು ವಿಚಾರಿಸುವ ನಾವು, ಚಿತ್ರಕಲೆಯ ಅವಧಿ ತಪ್ಪದೆ ನಡೆಯುತ್ತಿದೆಯೇ ಎಂದೂ ವಿಚಾರಿಸೋಣ.