ಬ್ರೌನಿಯನ್ ಚಲನೆ

ಬ್ರೌನಿಯನ್ ಚಲನೆ ಎಂಬುದು ದ್ರವ ಅಥವಾ ಅನಿಲದಲ್ಲಿ ತೇಲುತ್ತಿರುವ ಅತಿಸೂಕ್ಷ್ಮ ಕಣಗಳ ನಿರಂತರವಾದ, ನಿಶ್ಚಿತ ದಿಕ್ಕಿಲ್ಲದ, ಅಂಕುಡೊಂಕಾದ ಚಲನೆ. ದ್ರವ್ಯವು ಅಣುಗಳಿಂದ ಆಗಿದೆ ಮತ್ತು ಆ ಅಣುಗಳು ಸದಾ ಚಲಿಸುತ್ತಿರುತ್ತವೆ ಎಂಬುದಕ್ಕೆ ಇದು ಪ್ರಮುಖ ಪ್ರಾಯೋಗಿಕ ಆಧಾರಗಳಲ್ಲಿ ಒಂದಾಗಿದೆ. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ.

ಬ್ರೌನ್ ಅವರ ವೀಕ್ಷಣೆ

1827ರಲ್ಲಿ ಬ್ರೌನ್ ಅವರು ಕ್ಲಾರ್ಕಿಯಾ ಪುಲ್ಚೆಲ್ಲಾ ಎಂಬ ಸಸ್ಯದ ಪರಾಗರೇಣುಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ರೇಣುಗಳ ಒಳಗಿನ ಸಣ್ಣ ಕಣಗಳು ಎಡೆಬಿಡದೆ ಅಲುಗಾಡುತ್ತಿದ್ದವು. ಇದು ಜೀವದ ಲಕ್ಷಣವೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಅದನ್ನು ಬಗೆಹರಿಸಲು ಅವರು ಒಣಗಿದ ಸಸ್ಯಭಾಗ, ಗಾಜು, ಖನಿಜ, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್ ಶಿಲೆಯ ತುಣುಕನ್ನೂ ಪುಡಿಮಾಡಿ ನೋಡಿದರು. ನಿರ್ಜೀವ ಕಣಗಳೂ ಅದೇ ರೀತಿ ಚಲಿಸಿದವು. ಹೀಗಾಗಿ ಚಲನೆಯ ಕಾರಣ ಜೀವವಲ್ಲ ಎಂಬುದು ಸ್ಪಷ್ಟವಾಯಿತಾದರೂ ನಿಜವಾದ ಕಾರಣ ತಿಳಿಯಲಿಲ್ಲ.

ಕಾರಣ

ನೀರಿನ ಅಣುವಿನ ಅಗಲ ಸುಮಾರು 0.3 ನ್ಯಾನೋಮೀಟರ್. ಒಂದು ಮೈಕ್ರೋಮೀಟರ್ ಅಗಲದ ಕಣವು ಅದಕ್ಕಿಂತ ಸುಮಾರು 3,000 ಪಟ್ಟು ಅಗಲವಾಗಿರುತ್ತದೆ. ಇಂತಹ ಕಣಕ್ಕೆ ಎಲ್ಲ ಕಡೆಗಳಿಂದಲೂ ಅಸಂಖ್ಯಾತ ಅಣುಗಳು ಬಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಯಾವುದೇ ಕ್ಷಣದಲ್ಲಿ ಈ ಹೊಡೆತಗಳು ಎಲ್ಲ ಬದಿಗಳಲ್ಲೂ ಸಮನಾಗಿರುವುದಿಲ್ಲ. ಹೆಚ್ಚು ಹೊಡೆತ ಬಿದ್ದ ಬದಿಯಿಂದ ಕಣವು ಆಚೆಗೆ ಸರಿಯುತ್ತದೆ. ಮರುಕ್ಷಣ ದಿಕ್ಕು ಬದಲಾಗುತ್ತದೆ. ನೀರಿನಲ್ಲಿ ಬಿದ್ದ ಮರದ ತುಂಡಿನಂತಹ ದೊಡ್ಡ ವಸ್ತುವಿನ ಮೇಲೆ ಈ ವ್ಯತ್ಯಾಸವು ನಗಣ್ಯವಾದುದರಿಂದ ಅದರಲ್ಲಿ ಇಂತಹ ಚಲನೆ ಕಾಣುವುದಿಲ್ಲ. ತಾಪ ಹೆಚ್ಚಿದಂತೆ ಅಣುಗಳ ವೇಗವೂ ಅದರೊಂದಿಗೆ ಕಣದ ಚಲನೆಯೂ ಹೆಚ್ಚುತ್ತವೆ.

ಅಣುಗಳ ಅಸ್ತಿತ್ವದ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಪರಮಾಣು ಮತ್ತು ಅಣುಗಳು ಲೆಕ್ಕಾಚಾರಕ್ಕೆ ಅನುಕೂಲವಾದ ಕಲ್ಪನೆಗಳು ಮಾತ್ರ ಎಂದು ಅರ್ನ್ಸ್ಟ್ ಮಾಖ್, ವಿಲ್ಹೆಲ್ಮ್ ಓಸ್ಟ್ವಾಲ್ಡ್ ಮೊದಲಾದವರು ವಾದಿಸುತ್ತಿದ್ದರು. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರು ಅಣುಗಳ ಹೊಡೆತದಿಂದ ಕಣವೊಂದು ಎಷ್ಟು ದೂರ ಸರಿಯಬೇಕೆಂಬುದನ್ನು ಗಣಿತದ ಮೂಲಕ ತೋರಿಸಿದರು. ಅವರ ಪ್ರಕಾರ ಸರಾಸರಿ ಸ್ಥಾನಪಲ್ಲಟವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ನಾಲ್ಕು ಪಟ್ಟು ಕಾಲದಲ್ಲಿ ಕಣವು ಎರಡು ಪಟ್ಟು ದೂರ ಮಾತ್ರ ಸರಿಯುತ್ತದೆ. ಮರಿಯನ್ ಸ್ಮೊಲುಖೊವ್ಸ್ಕಿ ಅವರು 1906ರಲ್ಲಿ ಸ್ವತಂತ್ರವಾಗಿ ಇಂತಹುದೇ ಸಿದ್ಧಾಂತವನ್ನು ಪ್ರಕಟಿಸಿದರು.

ಫ್ರಾನ್ಸಿನ ಜ್ಯಾಂ ಪೆರ‍್ಯಾಂ ಅವರು ಸಸ್ಯರಾಳದ ಸಮಗಾತ್ರದ ಕಣಗಳನ್ನು ಸಿದ್ಧಪಡಿಸಿ, ನಿಗದಿತ ಕಾಲಾಂತರಗಳಲ್ಲಿ ಅವುಗಳ ಸ್ಥಾನವನ್ನು ಗುರುತಿಸಿದರು. ಫಲಿತಾಂಶವು ಐನ್‌ಸ್ಟೈನ್ ಅವರ ಲೆಕ್ಕಕ್ಕೆ ಹೊಂದಿಕೊಂಡಿತು. ಅದರಿಂದ ಅವೊಗಾಡ್ರೊ ಸಂಖ್ಯೆಯನ್ನೂ ಅಂದಾಜಿಸಲು ಸಾಧ್ಯವಾಯಿತು. 1909ರ ವೇಳೆಗೆ ಓಸ್ಟ್ವಾಲ್ಡ್ ಅವರೂ ಅಣುಗಳ ಅಸ್ತಿತ್ವವನ್ನು ಒಪ್ಪಿಕೊಂಡರು. ದ್ರವ್ಯದ ಕಣರಚನೆಯ ಕುರಿತ ಕಾರ್ಯಕ್ಕಾಗಿ ಪೆರ‍್ಯಾಂ ಅವರಿಗೆ 1926ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ವೀಕ್ಷಿಸುವ ವಿಧಾನ

ನೀರು ಬೆರೆಸಿ ತೆಳುವಾಗಿಸಿದ ಹಾಲಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಹೊದಿಕೆ ಗಾಜಿನಿಂದ ಮುಚ್ಚಿ, ಸುಮಾರು 400 ಪಟ್ಟು ವರ್ಧಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಬ್ಬಿನ ಸಣ್ಣ ಗೋಲಗಳು ಅಲುಗಾಡುವುದು ಕಾಣುತ್ತದೆ. ಇಲ್ಲಿ ಕಾಣುವುದು ಅಣುಗಳಲ್ಲ, ಅಣುಗಳ ಹೊಡೆತದ ಪರಿಣಾಮ ಮಾತ್ರ. ಎಲ್ಲ ಗೋಲಗಳೂ ಒಂದೇ ದಿಕ್ಕಿಗೆ ಸಾಗಿದರೆ ಅದು ದ್ರವದ ಹರಿವೇ ಹೊರತು ಬ್ರೌನಿಯನ್ ಚಲನೆಯಲ್ಲ. ಕಿಟಕಿಯಿಂದ ಬೀಳುವ ಬಿಸಿಲಕೋಲಿನಲ್ಲಿ ಕಾಣುವ ಧೂಳಿನ ಚಲನೆಗೂ ಮುಖ್ಯವಾಗಿ ಗಾಳಿಯ ಹರಿವೇ ಕಾರಣವಾಗಿರುತ್ತದೆ.